ಅವರ ತಟ್ಟೆ, ನಮ್ಮ ತಟ್ಟೆ: ಬಾಡು ತಿನ್ನುವ ನಮ್ಮವರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಲಿಂಗ ಕಟ್ಟಿಕೊಂಡವಳು, ದಾವಣಗೆರೆಯವಳು. ನಮ್ಮ ಮನೆಗೆ ಮೊಟ್ಟೆ ಕೂಡ ಬರುವುದಿಲ್ಲ. ಆದರೆ ಮಗ ಬೆಂಗಳೂರಿನಲ್ಲಿ ಚಿಕನ್ ತಿನ್ನುತ್ತಾನೆ, ತಂಗಿ ಬಾಡು ತಿನ್ನುವ ಮನೆಗೆ ಸೊಸೆಯಾಗಿ ಹೋಗಿದ್ದಾಳೆ, ಮೂವತ್ತು ವರ್ಷದಿಂದ ಜೊತೆಗಿರುವ ಗೆಳತಿಯ ಮನೆಯಲ್ಲಿ ದುಗ್ಗಮ್ಮನ ಜಾತ್ರೆಗೆ ಕುರಿ ಕಡಿಯುತ್ತಾರೆ. ಹೊಟ್ಟೆಗಾಗಲಿ ದೇವರಿಗಾಗಲಿ ಪ್ರಾಣಿ ಕೊಲ್ಲುವುದು ತಪ್ಪು ಅಂತ ನಾನು ನಂಬಿದ್ದೇನೆ. ಈ ಮೂವರನ್ನು ಬಿಟ್ಟರೆ ನನಗೆ ಬದುಕೂ ಇಲ್ಲ. ಒಮ್ಮೆ ನಮ್ಮ ಓಣಿಯ ಅಕ್ಕನ ಬಳಗದಲ್ಲಿ ಇದನ್ನು ಬಾಯಿಬಿಟ್ಟು ಹೇಳಿದೆ ನೋಡಿ, ಅವತ್ತಿನಿಂದ ಒಬ್ಬರಲ್ಲ ಒಬ್ಬರು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳುತ್ತಲೇ ಇದ್ದಾರೆ. ಎಲ್ಲರದ್ದೂ ಹೆಚ್ಚುಕಡಿಮೆ ಅದೇ ಪ್ರಶ್ನೆ. ಅದಕ್ಕೇ ಒಂದೇ ಕಡೆ ಬರೆದಿದ್ದೇನೆ. ನಾನು ಶಾಸ್ತ್ರ ಓದಿದವಳಲ್ಲ, ಒಪ್ಪಿಗೆಯಾಗದಿದ್ದರೆ ಬಿಟ್ಟುಬಿಡಿ.

ತಪ್ಪು ಅಂತ ನಂಬಿದ ಮೇಲೆ ಅದನ್ನು ಮಾಡುವವರ ಮೇಲೆ ಪ್ರೀತಿ ಹೇಗೆ ಉಳಿಯುತ್ತದೆ? ನಾಟಕ ಅಲ್ವಾ ಅದು?

ನನಗೂ ಕೆಲವು ದಿನ ಹಾಗೇ ಅನಿಸಿತ್ತು. ಆಮೇಲೆ ನಮ್ಮ ಅತ್ತೆಯ ನೆನಪಾಯಿತು. ಅವರು ವರ್ತನೆ ಮನೆಗಳಿಗೆ ಕೊಡುವ ಹಾಲಿಗೆ ನೀರು ಬೆರೆಸುತ್ತಿದ್ದರು. ಅದು ತಪ್ಪು ಅಂತ ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು, ಒಂದೆರಡು ಸಲ ಜಗಳವೂ ಆಗಿತ್ತು. ಆದರೂ ಅವರು ಹೋದ ದಿನ ನಾನು ಅತ್ತಷ್ಟು ಅವರ ಮಕ್ಕಳು ಅಳಲಿಲ್ಲ. ಹಾಲಿಗೆ ನೀರು ಹಾಕಿದವರನ್ನು ಪ್ರೀತಿಸುವುದು ಹೇಗೆ ಅಂತ ನನ್ನನ್ನು ಯಾರೂ ಕೇಳಿಲ್ಲ. ಬಡ್ಡಿಗೆ ಬಡ್ಡಿ ಹಾಕುವ ಮಾವಂದಿರ ಕಾಲಿಗೆ ಬೀಳುವುದು ಹೇಗೆ ಅಂತಲೂ ಕೇಳಿಲ್ಲ. ಬಾಡಿನ ವಿಷಯಕ್ಕೆ ಬಂದಾಗ ಮಾತ್ರ ಈ ಪ್ರಶ್ನೆ ಏಳುತ್ತದೆ. ಯಾಕೆ ಅಂದರೆ ಅಲ್ಲಿ 'ತಪ್ಪು' ಅನ್ನುವುದರ ಜೊತೆಗೆ ಇನ್ನೊಂದು ಸೇರಿಕೊಂಡಿದೆ. ಅದರ ಹೆಸರು ಹೇಸಿಗೆ.

ಚಿಕ್ಕಂದಿನಿಂದ ಬಾಯಿಪಾಠ ಮಾಡಿದ ಬಸವಣ್ಣನವರ ವಚನ ಇದೆಯಲ್ಲ, 'ಕಳಬೇಡ ಕೊಲಬೇಡ' ಅಂತ. ಅದರಲ್ಲಿ ಏಳು 'ಬೇಡ'ಗಳಿವೆ, ಬೆರಳು ಮಡಚಿ ಎಣಿಸಿ ನೋಡಿ. ಎರಡನೆಯದು ಕೊಲಬೇಡ. ಐದನೆಯದು ಅನ್ಯರಿಗೆ ಅಸಹ್ಯಪಡಬೇಡ. ಏಳನೆಯದು ಇದಿರ ಹಳಿಯಲು ಬೇಡ. ನಾವು ಎರಡನೆಯದನ್ನು ಗಟ್ಟಿಯಾಗಿ ಹೇಳಿ ಐದನೆಯದಕ್ಕೆ ಬರುವಷ್ಟರಲ್ಲಿ ರಾಗ ಎಳೆದು ಮುಗಿಸಿಬಿಡುತ್ತೇವೆ. ಕುರಿ ಕಡಿದ ನನ್ನ ಗೆಳತಿಯ ಮನೆಯವರು ಎರಡನೆಯದನ್ನು ಮೀರಿದರು ಅಂತ ಇಟ್ಟುಕೊಳ್ಳಿ. ಅವರ ಮನೆ ಮುಂದೆ ಮೂಗಿಗೆ ಸೆರಗು ಹಿಡಿದು ನಡೆದ ನಾನು ಐದನೆಯದನ್ನು ಮೀರಿದೆ. ವಚನದಲ್ಲಿ ಎರಡೂ ಒಂದೇ ಸಾಲಿನಲ್ಲಿ ಕೂತಿವೆ.

ಇದು ಹೊಳೆದ ಮೇಲೆ ನನಗೆ ಸ್ವಲ್ಪ ಸುಲಭವಾಯಿತು. ಕೊಲ್ಲುವುದು ತಪ್ಪು ಅನ್ನುವ ನಂಬಿಕೆಯನ್ನು ಬಿಡಬೇಕಾಗಿಲ್ಲ. ಹೇಸಿಗೆಯನ್ನು ಬಿಟ್ಟರೆ ಸಾಕು, ಪ್ರೀತಿ ಮೊದಲಿನಿಂದ ಅಲ್ಲೇ ಇರುತ್ತದೆ.

ಹಾಗಾದರೆ ತಪ್ಪು ಅಂತ ಹೇಳುವುದೇ ಬೇಡವಾ?

ಹೇಳಬೇಕು. ಒಂದು ಸಲ, ನೇರವಾಗಿ, ಅಡ್ಡ ಮಾತಿಲ್ಲದೆ.

ಮಗ ಮೊದಲ ಸಲ ವಿಷಯ ಹೇಳಿದ್ದು ಯುಗಾದಿಗೆ ಬಂದಾಗ. 'ಅಮ್ಮ, ನಿಂಗೆ ಬೇರೆ ಯಾರಿಂದಲೋ ಗೊತ್ತಾಗೋದು ಬೇಡ' ಅಂದ. ನಾನು ಹೇಳಿದೆ: 'ನನಗೆ ಇದು ಸರಿ ಅನಿಸಲ್ಲ. ಒಂದು ಜೀವ ಹೋಗುತ್ತೆ, ನಿನಗೆ ಅದು ಬೇಕಾಗಿರಲಿಲ್ಲ. ಇಷ್ಟು ಹೇಳಬೇಕಿತ್ತು, ಹೇಳಿದೆ. ಈಗ ಹೋಳಿಗೆಗೆ ತುಪ್ಪ ಹಾಕಿಕೋ.' ಅವನು ಹಾಕಿಕೊಂಡ. ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ, ಅದು ನನ್ನ ತಪ್ಪು. ಆಮೇಲೆ ಒಂದು ವರ್ಷ ಪ್ರತಿ ಫೋನಿನಲ್ಲೂ 'ಏನು ಊಟ ಮಾಡಿದೆ?' ಅಂತ ಕೇಳುತ್ತಿದ್ದೆ. ತಾಯಿ ಕೇಳುವ ಮಾಮೂಲಿ ಪ್ರಶ್ನೆಯಂತೆ ಇರುತ್ತಿತ್ತು, ಆದರೆ ಅದು ವಿಚಾರಣೆ ಅಂತ ಇಬ್ಬರಿಗೂ ಗೊತ್ತು. 'ಅನ್ನ ಸಾರು' ಅನ್ನುತ್ತಿದ್ದ. ಸುಳ್ಳು ಹೇಳಲು ನಾನೇ ಕಲಿಸಿದೆ. ಮೂರನೆಯ 'ಬೇಡ' ಹುಸಿಯದ್ದು, ಅದನ್ನೂ ಮನೆಯಲ್ಲೇ ಮುರಿಸಿದಂತಾಯಿತು. ಈಗ 'ಊಟ ಆಯ್ತಾ?' ಅಂತ ಮಾತ್ರ ಕೇಳುತ್ತೇನೆ. ಏನು ಅಂತ ಕೇಳುವುದಿಲ್ಲ.

ಅವರ ಮನೆಯಲ್ಲಿ ಊಟ ಮಾಡಬಹುದಾ?

ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದು. ಕೇಳುವವರು ಪಾತ್ರೆ, ಸೌಟು, ಒಲೆ, ಫ್ರಿಜ್ಜು ಅಂತ ಒಂದೊಂದನ್ನೂ ವಿಚಾರಿಸುತ್ತಾರೆ.

ನಾನು ತಿರುಗಿ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಬೆಂಗಳೂರಿಗೆ ಹೋದಾಗ ವೆಜ್ಜು ನಾನ್‌ವೆಜ್ಜು ಎರಡೂ ಇರುವ ದೊಡ್ಡ ಹೋಟೆಲಿನಲ್ಲಿ ಪನೀರ್ ತಿಂದಿದ್ದೀರಾ? ವಿಮಾನದಲ್ಲಿ ಪಕ್ಕದವರು ಚಿಕನ್ ತಿನ್ನುವಾಗ ನಿಮ್ಮ ಉಪ್ಪಿಟ್ಟಿನ ಡಬ್ಬಿ ತೆರೆದಿದ್ದೀರಾ? ಹೌದು ಅಂದರೆ, ಪಕ್ಕದ ಓಣಿಯವರ ಮನೆಯಲ್ಲಿ ಒಂದು ಲೋಟ ನೀರು ಕುಡಿಯಲು ಯಾಕೆ ಹಿಂದೆ ಮುಂದೆ ನೋಡುತ್ತೀರಿ? ನೀರಿನಲ್ಲಿ ಯಾವ ಕುರಿ ಇದೆ? ಅಲ್ಲಿ ನಮ್ಮನ್ನು ತಡೆಯುತ್ತಿರುವುದು ಅಹಿಂಸೆ ಅಲ್ಲ. ಅದು ಜಾತಿ, ಅಹಿಂಸೆಯ ವೇಷ ಹಾಕಿಕೊಂಡು ಬಂದಿದೆ. ಈ ಮಾತು ಹೇಳಿದ್ದಕ್ಕೆ ಬಳಗದಲ್ಲಿ ಇಬ್ಬರು ನನ್ನ ಜೊತೆ ಮೂರು ತಿಂಗಳು ಮಾತು ಬಿಟ್ಟಿದ್ದರು. ಆದರೂ ಹೇಳುತ್ತೇನೆ, ಯಾಕೆ ಅಂದರೆ ನಾನೇ ಇಪ್ಪತ್ತು ವರ್ಷ ಹಾಗಿದ್ದೆ. ಗೆಳತಿ ಚಹಾ ಕೊಟ್ಟರೆ 'ಈಗ ತಾನೇ ಕುಡಿದು ಬಂದೆ' ಅನ್ನುತ್ತಿದ್ದೆ. ಅವಳಿಗೆ ಎಲ್ಲಾ ಗೊತ್ತಿತ್ತಂತೆ. ಪ್ರತಿ ಸಲವೂ ಗೊತ್ತಿತ್ತಂತೆ.

ಇನ್ನು ಊಟದ ಮಾತು. ಬಾಡು ಬೇಯಿಸಿದ ಪಾತ್ರೆಯಲ್ಲಿ ಮಾಡಿದ ಅಡುಗೆ ನಿಮ್ಮ ಗಂಟಲಲ್ಲಿ ಇಳಿಯದಿದ್ದರೆ ಇಳಿಯುವುದಿಲ್ಲ ಅಂತ ಹೇಳಿ. ಸುಳ್ಳು ನೆಪ ಬೇಡ. 'ನನಗೆ ಪಾತ್ರೆಯ ನೇಮ ಇದೆ ಕಣೆ, ಬಾಳೆಹಣ್ಣು ಕೊಡು' ಅಂದರೆ ಯಾರಿಗೂ ಅವಮಾನ ಆಗುವುದಿಲ್ಲ. ನಾನು ಹಾಗೆ ಹೇಳಿದ ಮುಂದಿನ ಸಲ ನನ್ನ ಗೆಳತಿ ಒಂದು ಸ್ಟೀಲ್ ಪಾತ್ರೆ, ಒಂದು ಸೌಟು ಹೊಸದಾಗಿ ತಂದಿಟ್ಟಿದ್ದಳು. ಮೇಲೆ ನೇಲ್ ಪಾಲಿಶ್‌ನಲ್ಲಿ ಒಂದು ಚುಕ್ಕೆ, ಗುರುತಿಗೆ. ಅದರಲ್ಲಿ ಮಾಡಿದ ಅವಲಕ್ಕಿಯನ್ನು ಮೊದಲ ಸಲ ತಿಂದಾಗ ನನಗೆ ಆದ ನಾಚಿಕೆಯನ್ನು ಇಲ್ಲಿ ಬರೆಯಲು ಬರುವುದಿಲ್ಲ.

ಇಬ್ಬರೂ ಪಾತ್ರೆಯ ಚಿಂತೆ ಇಲ್ಲದೆ ತಿನ್ನಬೇಕು ಅಂದರೆ ನಮ್ಮೂರಲ್ಲಿ ಮಂಡಕ್ಕಿ ಮೆಣಸಿನಕಾಯಿ ಇದ್ದೇ ಇದೆ. ಒಂದೇ ಪೇಪರಿನಲ್ಲಿ ಕೈ ಹಾಕಿ ತಿನ್ನುತ್ತೇವೆ.

ಜಾತ್ರೆಗೆ ಕರೆಯುತ್ತಾರೆ. ಹೋಗಬೇಕಾ?

ದಾವಣಗೆರೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಹೊರಗಿನವರಿಗೆ ಹೇಳುತ್ತೇನೆ: ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳು, ಬೆಂಗಳೂರು ಸೇರಿದ ಗಂಡುಮಕ್ಕಳು, ನೆಂಟರು, ಆಫೀಸಿನ ಸ್ನೇಹಿತರು, ಎಲ್ಲಾ ಬಂದು ಸೇರುತ್ತಾರೆ. ಹೋಳಿಗೆಯೂ ಆಗುತ್ತದೆ, ಬಾಡೂಟವೂ ಆಗುತ್ತದೆ. ಮನೆಯವರು ಕರೆದಾಗ ಹೋಗದಿದ್ದರೆ ಅದು ಊಟ ಬಿಟ್ಟಂತಲ್ಲ, ಮನೆ ಬಿಟ್ಟಂತೆ.

ನಾನು ಹೋಳಿಗೆಯ ದಿನ ಹೋಗುತ್ತೇನೆ. ಕಡಿಯುವ ದಿನ ಹೋಗುವುದಿಲ್ಲ. ಯಾಕೆ ಅಂತ ಅವಳಿಗೆ ಹೇಳಿದ್ದೇನೆ. ಅಮ್ಮನವರಿಗೆ ಹಣ್ಣುಕಾಯಿ ಮಾಡಿಸುತ್ತೇನೆ, ಉಡಿ ತುಂಬುತ್ತೇನೆ. 'ಹಾಗಾದರೆ ಅರ್ಧ ಒಪ್ಪಿದಂತಾಯಿತಲ್ಲ?' ಅಂತ ಒಬ್ಬರು ಕೇಳಿದರು. ಇರಬಹುದು. ಗೆಳತನ ಪೂರ್ತಿ ಇದೆ, ಒಪ್ಪಿಗೆ ಅರ್ಧ ಇದೆ. ನನಗೆ ಅದರಿಂದ ನಿದ್ದೆ ಕೆಟ್ಟಿಲ್ಲ.

ಒಂದು ಎಚ್ಚರ. ಹೋದ ಮೇಲೆ ಉಪದೇಶ ಮಾಡಬೇಡಿ. ಹರಕೆ ಹೊತ್ತ ಮನೆಯಲ್ಲಿ, ಎಲ್ಲರೂ ಹೊಸ ಬಟ್ಟೆ ಹಾಕಿಕೊಂಡಿರುವಾಗ, ಹೋಳಿಗೆ ಬಾಯಲ್ಲಿಟ್ಟುಕೊಂಡು ಜೀವದಯೆಯ ಮಾತು ಎತ್ತುವುದಕ್ಕಿಂತ ಮನೆಯಲ್ಲೇ ಇರುವುದು ಮೇಲು.

ಬಾಡು ತಿನ್ನುವವರ ಭಕ್ತಿ ಭಕ್ತಿಯೇ?

ಬೇಡರ ಕಣ್ಣಪ್ಪ ಶಿವನಿಗೆ ಏನು ಎಡೆ ಇಟ್ಟ? ಬೇಟೆಯಾಡಿ ತಂದ ಮಾಂಸ, ಅದೂ ತಾನು ಕಚ್ಚಿ ರುಚಿ ನೋಡಿದ್ದು. ಶಿವನ ಕಣ್ಣಲ್ಲಿ ರಕ್ತ ಬಂದಾಗ ತನ್ನ ಕಣ್ಣನ್ನೇ ಕಿತ್ತು ಇಟ್ಟ. ಅವನನ್ನು ಅರವತ್ತಮೂರು ಪುರಾತನರಲ್ಲಿ ಒಬ್ಬ ಅಂತ ಪೂಜೆ ಮಾಡುವವರು ನಾವೇ. ಇದರ ಮೇಲೆ ನಾನು ಹೇಳುವುದು ಏನೂ ಇಲ್ಲ.

ಮಗ ಮನೆಗೇ ಪಾರ್ಸೆಲ್ ತರಿಸಿ ತಿನ್ನುತ್ತೇನೆ ಅಂದರೆ?

ಬೇಡ ಅನ್ನಿ. ಲಿಂಗಪೂಜೆ ಆಗುವ ಮನೆ, ಅಡುಗೆಮನೆ ನಿಮ್ಮದು, ನೇಮ ನಿಮ್ಮದು. ಪ್ರೀತಿ ಇದೆ ಅಂತ ಮನೆಯ ನೇಮ ಬಿಡಬೇಕಾಗಿಲ್ಲ, ಅದನ್ನು ಪ್ರೀತಿಯ ಪರೀಕ್ಷೆ ಮಾಡಲು ಅವನಿಗೂ ಬಿಡಬೇಡಿ. ಆದರೆ ಅವನ ಬೆಂಗಳೂರಿನ ಮನೆಗೆ ಹೋದಾಗ ಫ್ರಿಜ್ ತೆಗೆದು ಮುಖ ಸಿಂಡರಿಸುವ ಹಕ್ಕು ನಿಮಗಿಲ್ಲ. ನಾನು ಹೋದರೆ ಅವನೇ ಕೆಳಗಿನ ಅರೆ ಖಾಲಿ ಮಾಡಿ ಒರೆಸಿಟ್ಟಿರುತ್ತಾನೆ. ಮೇಲಿನ ಅರೆ ನಾನು ನೋಡುವುದಿಲ್ಲ.

'ನೀವು ಹಾಲು ಕುಡಿಯಲ್ವಾ? ಅದೇನು ಗಿಡದಲ್ಲಿ ಬಿಡುತ್ತಾ?' ಅಂತ ಕೇಳಿದರೆ ಏನು ಹೇಳಲಿ?

ಏನೂ ಹೇಳಬೇಡಿ, ಸ್ವಲ್ಪ ಹೊತ್ತು ಸುಮ್ನೆ ಇರಿ. ಒಳ್ಳೆಯ ಪ್ರಶ್ನೆ ಅದು.

ನಮ್ಮ ತವರಿನಲ್ಲಿ ಐದಾರು ಎಮ್ಮೆ ಇದ್ದವು. ಎಮ್ಮೆ ಕರು ಹಾಕಿದರೆ, ಹೆಣ್ಣಾದರೆ ಸಿಹಿ ಹಂಚುವಷ್ಟು ಖುಷಿ. ಗಂಡಾದರೆ ಮನೆ ಸಪ್ಪಗಾಗುತ್ತಿತ್ತು. ಆ ಕೋಣಗರುಗಳು ಆಮೇಲೆ ಎಲ್ಲಿಗೆ ಹೋಗುತ್ತಿದ್ದವು? ಬತ್ತಿದ ಎಮ್ಮೆಯನ್ನು ದಲ್ಲಾಳಿ ಬಂದು ಹೊಡೆದುಕೊಂಡು ಹೋಗುತ್ತಿದ್ದ. ಯಾವ ಸಂತೆಗೆ, ಅಲ್ಲಿಂದ ಎಲ್ಲಿಗೆ ಅಂತ ಅಪ್ಪಾಜಿ ಕೇಳಲಿಲ್ಲ. ದುಡ್ಡು ಎಣಿಸಿ ಜೇಬಿಗೆ ಹಾಕಿಕೊಂಡು, ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು ಪೂಜೆಗೆ ಕೂರುತ್ತಿದ್ದರು. ನಾವು ಆ ತುಪ್ಪದಲ್ಲಿ ಹೋಳಿಗೆ ತಿಂದು ಬೆಳೆದೆವು. ಕಡಿಯುವ ಕೈ ನಮ್ಮದಲ್ಲ ಅಷ್ಟೇ.

ಇದರಿಂದ ಕೊಲ್ಲುವುದು ಸರಿ ಅಂತ ಆಗುವುದಿಲ್ಲ. ನನ್ನ ನೇಮ ನಾನು ಬಿಟ್ಟಿಲ್ಲ. ಆದರೆ 'ನಾವು ಶುದ್ಧ' ಅನ್ನುವ ದನಿಯಲ್ಲಿ ಮಾತಾಡುವುದನ್ನು ಬಿಟ್ಟಿದ್ದೇನೆ. ಆರನೆಯ 'ಬೇಡ' ಯಾವುದು ಅಂತ ಮತ್ತೊಮ್ಮೆ ನೋಡಿಕೊಳ್ಳಿ: ತನ್ನ ಬಣ್ಣಿಸಬೇಡ.

ಬಲಿ ಕೊಡುವುದು ಕಾನೂನಿಗೆ ವಿರುದ್ಧ ಅಲ್ವಾ? ಪೊಲೀಸರಿಗೆ ಫೋನ್ ಮಾಡಬಹುದಲ್ಲ?

ಕಾನೂನು ಇದೆ. ಪ್ರಾಣಿಬಲಿ ತಡೆಯುವ ಕಾಯ್ದೆ ನಮ್ಮ ರಾಜ್ಯದಲ್ಲಿ 1959ರಿಂದ ಇದೆ. ದೇವಸ್ಥಾನದಲ್ಲಿ, ಅದರ ಆವರಣದಲ್ಲಿ ಬಲಿ ಕೊಡುವ ಹಾಗಿಲ್ಲ. ಜಾತ್ರೆ ಹತ್ತಿರ ಬಂದಾಗ ಅಧಿಕಾರಿಗಳು ಸಭೆ ಮಾಡುತ್ತಾರೆ, ಪೊಲೀಸರು ಬರುತ್ತಾರೆ. ಅದರಲ್ಲೂ ಕೋಣದ ಬಲಿ ತಡೆಯಬೇಕು ಅನ್ನುವುದಕ್ಕೆ ನನ್ನ ಪೂರ್ತಿ ಬೆಂಬಲ ಇದೆ. ಹೋರಾಡುವವರು ಹೋರಾಡಲಿ.

ಆದರೆ ನೀವು ಕೇಳುತ್ತಿರುವುದು ನಿಮ್ಮ ಗೆಳತಿಯ ಮನೆಯ ಬಗ್ಗೆ. ಅವಳ ಮೇಲೆ ಪೊಲೀಸರಿಗೆ ಫೋನ್ ಮಾಡಿ ಸಂಜೆ ಅವಳ ಮನೆಗೆ ಹೋಗುತ್ತೀರಾ?

ಶಿರಸಿ ಮಾರಿಕಾಂಬೆಯ ಜಾತ್ರೆಯಲ್ಲಿ ಹಿಂದೆ ಕೋಣದ ಬಲಿ ಇತ್ತು. ಅದು ನಿಂತಿದ್ದು 1930ರ ದಶಕದಲ್ಲಿ, ಈ ಕಾಯ್ದೆ ಬರುವುದಕ್ಕೂ ಇಪ್ಪತ್ತು ವರ್ಷಕ್ಕಿಂತ ಮುಂಚೆ. ಗಾಂಧೀಜಿಯ ಪ್ರಭಾವ ಅಂತ ಹೇಳುತ್ತಾರೆ, ಸರಿಯೇ. ಆದರೆ ಮನೆ ಮನೆಗೆ ಓಡಾಡಿ ಒಪ್ಪಿಸಿದವರು ಆ ಸೀಮೆಯ ಜನವೇ. ಜಾತ್ರೆ ಇವತ್ತಿಗೂ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ, ಕಾಲಿಡಲು ಜಾಗ ಇರುವುದಿಲ್ಲ. ಯಾರದೋ ಮನೆಯ ಸಾವಿಗೆ ಹೋಗದವರು, ಮದುವೆಗೆ ಹೋಗದವರು, ಅವರ ಮಗುವಿಗೆ ಜ್ವರ ಬಂದಾಗ ವಿಚಾರಿಸದವರು, ಜಾತ್ರೆಯ ದಿನ ಮಾತ್ರ ಕರಪತ್ರ ಹಿಡಿದು ಬಾಗಿಲಿಗೆ ಬಂದರೆ ಯಾರು ಕೇಳುತ್ತಾರೆ ಹೇಳಿ?

ಶಾಲೆಯಲ್ಲಿ ಮೊಟ್ಟೆ ಕೊಡುವುದನ್ನು ನಾವು ವಿರೋಧ ಮಾಡಬೇಕಲ್ವಾ?

ನಾನು ಮಾಡುವುದಿಲ್ಲ. 2021ರ ಕೊನೆಯಲ್ಲಿ ಬೀದರ್, ರಾಯಚೂರು, ಕಲಬುರಗಿ, ಕೊಪ್ಪಳದ ಕಡೆ ಬಿಸಿಯೂಟದಲ್ಲಿ ಮೊಟ್ಟೆ ಶುರುವಾದಾಗ, ತಿನ್ನದ ಮಕ್ಕಳಿಗೆ ಬಾಳೆಹಣ್ಣು ಅಂತ ಮೊದಲೇ ಹೇಳಿದ್ದರು. ಆದರೂ ಕೆಲವು ಸ್ವಾಮಿಗಳು ವಿರೋಧಿಸಿದರು. ಗಂಗಾವತಿಯ ಶಾಲೆ ಹುಡುಗಿಯೊಬ್ಬಳು ನಮಗೆ ಮೊಟ್ಟೆ ಬೇಕು ಅಂತ ಗಟ್ಟಿಯಾಗಿ ಮಾತಾಡಿದ ವಿಡಿಯೊ ನಿಮ್ಮ ಫೋನಿಗೂ ಬಂದಿರುತ್ತದೆ. ನಮ್ಮ ಮಗುವಿಗೆ ಬಾಳೆಹಣ್ಣು ಸಿಗುತ್ತದೆ, ಪಕ್ಕದ ಮಗುವಿಗೆ ಮೊಟ್ಟೆ ಸಿಗುತ್ತದೆ. ಇದರಲ್ಲಿ ನಮ್ಮ ಯಾವ ನೇಮ ಕೆಟ್ಟಿತು? ಹಸಿದ ಮಗುವಿನ ತಟ್ಟೆಯಿಂದ ತೆಗೆಸುವುದು ನನ್ನ ಧರ್ಮಕ್ಕೆ ಬೇಕಾಗಿಲ್ಲ.

2024ರ ಡಿಸೆಂಬರಿನಲ್ಲಿ ಮಂಡ್ಯದ 87ನೇ ಸಾಹಿತ್ಯ ಸಮ್ಮೇಳನದ ಗಲಾಟೆಯೂ ನೆನಪಿರಬಹುದು. ಮಳಿಗೆಗಳ ನಿಯಮದಲ್ಲಿ ಮದ್ಯ, ತಂಬಾಕು, ಮಾಂಸಾಹಾರ ಮೂರನ್ನೂ ಒಟ್ಟಿಗೆ ಸೇರಿಸಿ ನಿಷೇಧ ಅಂತ ಬರೆದಿದ್ದರು. ಮಂಡ್ಯದವರಿಗೆ ಸಿಟ್ಟು ಬಂದದ್ದು ನ್ಯಾಯವೇ ಅಂತ ನನಗೆ ಅನಿಸಿತು. ಮನೆಗೆ ಬಂದವರಿಗೆ ಅವರು ಅಕ್ಕರೆಯಿಂದ ಬಡಿಸುವ ಊಟವನ್ನು ಸಾರಾಯಿ ಬೀಡಿಯ ಪಕ್ಕ ಕೂರಿಸಿದಂತಾಯಿತು. ಅಸಹ್ಯಪಡಬೇಡ ಅಂದದ್ದು ಇಂಥದ್ದಕ್ಕೇ.

ಬಾಡಿಗೆ ಮನೆ 'ಸಸ್ಯಾಹಾರಿಗಳಿಗೆ ಮಾತ್ರ' ಅಂತ ಬೋರ್ಡು ಹಾಕಬಹುದಾ?

ನಮ್ಮ ಮಹಡಿ ಮನೆಗೆ ನಾನೇ ಹಾಕಿದ್ದೆ. ಮೊದಲು ಫೋನ್ ಮಾಡಿದವರೆಲ್ಲ 'ನೀವು ಯಾವ ಪೈಕಿ?' ಅಂತಲೇ ಮಾತು ಶುರು ಮಾಡಿದರು. ಬೋರ್ಡಿನ ನಿಜವಾದ ಅರ್ಥ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ತೆಗೆದೆ.

ತಂಗಿಯೋ ಮಗಳೋ ಬಾಡು ತಿನ್ನುವ ಮನೆಗೆ ಮದುವೆಯಾಗಿ ಹೋದರೆ?

ಇದಕ್ಕೆ ಉತ್ತರ ಬರೆಯುವುದು ಕಷ್ಟ.

ನನ್ನ ತಂಗಿ ತಾನೇ ಮೆಚ್ಚಿ ಮದುವೆಯಾದಳು. ಹುಡುಗ ಬೇರೆ ಜಾತಿ. ಒಳ್ಳೆಯ ಹುಡುಗ, ಕುಡಿತ ಇಲ್ಲ, ಇವತ್ತಿಗೂ ಅವಳನ್ನು ಹೂವಿನ ಹಾಗೆ ನೋಡಿಕೊಳ್ಳುತ್ತಾನೆ. ಅಪ್ಪಾಜಿ ಹನ್ನೊಂದು ವರ್ಷ ಅವಳ ಮನೆಯ ಹೊಸ್ತಿಲು ತುಳಿಯಲಿಲ್ಲ. 'ನನಗೆ ಅವರ ಮೇಲೆ ದ್ವೇಷ ಇಲ್ಲಮ್ಮ, ಆ ಮನೆಯಲ್ಲಿ ಕಡಿಯುತ್ತಾರೆ, ಲಿಂಗ ಕಟ್ಟಿಕೊಂಡು ಹೇಗೆ ಹೋಗಲಿ?' ಅನ್ನುತ್ತಿದ್ದರು. ನಾನು ಆಗ ನಂಬಿದ್ದೆ. ಇವತ್ತು ನನಗೆ ಗೊತ್ತು, ಅಳಿಯ ಸೊಪ್ಪು ತಿನ್ನುವವನಾಗಿದ್ದರೂ ಆ ಜಾತಿಯವನಾದರೆ ಅಪ್ಪಾಜಿ ಹೋಗುತ್ತಿರಲಿಲ್ಲ. ನಾವು ಹರಳಯ್ಯ ಮಧುವರಸರ ಕಥೆ ಕೇಳಿ ಬೆಳೆದವರು. ಚಮ್ಮಾರರ ಮನೆಯ ಹುಡುಗನಿಗೂ ಬ್ರಾಹ್ಮಣರಾಗಿದ್ದವರ ಮನೆಯ ಹುಡುಗಿಗೂ ಕಲ್ಯಾಣದಲ್ಲಿ ಮದುವೆ ಮಾಡಿದ್ದಕ್ಕೆ ಅವರನ್ನು ಆನೆಯ ಕಾಲಿಗೆ ಕಟ್ಟಿ ಎಳೆಸಿದರು ಅಂತ ಹೇಳುವಾಗ ಅಪ್ಪಾಜಿಯ ಕಣ್ಣಲ್ಲಿ ನೀರು ಬರುತ್ತಿತ್ತು. ಅದೇ ಮನುಷ್ಯ.

ತಂಗಿಗೆ ಆಪರೇಶನ್ ಆದಾಗ ಹೋದರು. ಆಸ್ಪತ್ರೆಗೆ ಹೋದವರು ಅಲ್ಲಿಂದ ಅವಳ ಮನೆಗೂ ಹೋದರು, ಮೊದಲ ಸಲ. ಅಳಿಯ ಅಡುಗೆಮನೆ ತೊಳೆಸಿ, ಒಂದು ಮೂಲೆಯಲ್ಲಿ ಪೂಜೆಗೆ ಜಾಗ ಮಾಡಿ, ಮಣೆ ಹಾಕಿ, ಒಂದು ತಂಬಿಗೆ ನೀರು ಇಟ್ಟಿದ್ದ. ಅಪ್ಪಾಜಿ ಅಲ್ಲಿ ಕೂತು ಲಿಂಗಪೂಜೆ ಮಾಡಿಕೊಂಡರು. ಎದ್ದು ಬಂದು 'ಹನ್ನೊಂದು ವರ್ಷ ಮಗಳಿಗೆ ಒಂದು ಸೀರೆ ತಂದುಕೊಡಲಿಲ್ಲ' ಅಂದರಂತೆ. ಮುಂದಿನ ಸಂಕ್ರಾಂತಿಗೆ ಅವರು ಇರಲಿಲ್ಲ.

ಆದ್ದರಿಂದ ಹೋಗಿ. ಇವತ್ತೇ ಹೋಗಿ ಅಂತ ಹೇಳಲು ನನಗೆ ಯಾವ ಅಧಿಕಾರವೂ ಇಲ್ಲ, ಆದರೂ ಹೋಗಿ.

ಕುಡಿತಕ್ಕೂ ಇದೇ ಉತ್ತರವಾ?

ಅಲ್ಲ. ಬಾಡು ತಿಂದವರು ರಾತ್ರಿ ಬಂದು ಹೆಂಡತಿಗೆ ಹೊಡೆಯುವುದಿಲ್ಲ. ಕುಡಿದು ಹೊಡೆಯುವವರ ವಿಷಯದಲ್ಲಿ 'ಪ್ರೀತಿಯಿಂದ ಸಹಿಸಿಕೋ' ಅಂತ ಯಾರಾದರೂ ವಚನ ಹೇಳಲು ಬಂದರೆ ಅವರನ್ನು ಬಾಗಿಲಿನಿಂದಲೇ ಕಳಿಸಿ.

ಅವರೇ ನಮ್ಮನ್ನು ಗೇಲಿ ಮಾಡಿದರೆ?

ಮಾಡುತ್ತಾರೆ. 'ಸೊಪ್ಪು ತಿನ್ನೋರು', 'ನಿಮಗೇನು ಗೊತ್ತು ರುಚಿ' ಅಂತೆಲ್ಲ. ಶತಮಾನಗಳಿಂದ ನಾವು ಮಾಡಿದ್ದಕ್ಕೆ ಹೋಲಿಸಿದರೆ ಇದು ಏನೂ ಅಲ್ಲ, ನಕ್ಕುಬಿಡಿ. ಒಂದು ಮಾತ್ರ ಸಹಿಸಬೇಡಿ: ಗೊತ್ತಿಲ್ಲದ ಹಾಗೆ ತಿನ್ನಿಸಿ ನಗುವುದು. ಅದು ತಮಾಷೆ ಅಲ್ಲ. ಹಾಗೆ ಮಾಡಿದವರು ನಿಮ್ಮನ್ನು ಪ್ರೀತಿಸುವವರೂ ಅಲ್ಲ.

ಅವರು ಒಂದು ದಿನ ಬಿಡುತ್ತಾರೆ ಅನ್ನುವ ಆಸೆ ನಿಮಗಿಲ್ವಾ?

ಇದೆ. ಮುಚ್ಚಿಡುವುದು ಯಾಕೆ? ಮಗ ಬಿಡಲಿ ಅಂತ ಪ್ರತಿದಿನ ಪೂಜೆಯಲ್ಲಿ ಕೇಳಿಕೊಳ್ಳುತ್ತೇನೆ. ನಾನು ಒಂದು ಸಲವಾದರೂ ತನ್ನ ಕೈಯ ಮಟನ್ ಸಾರಿನ ರುಚಿ ನೋಡಬೇಕು ಅನ್ನುವ ಆಸೆ ನನ್ನ ಗೆಳತಿಗೂ ಇದೆ. ಅವಳು ಅದನ್ನು ದುಗ್ಗಮ್ಮನಿಗೆ ಹೇಳಿಕೊಂಡಿದ್ದಾಳಂತೆ. ಇಬ್ಬರ ದೇವರೂ ಇಲ್ಲಿಯವರೆಗೆ ಸುಮ್ಮನಿದ್ದಾರೆ.

ಜಾತ್ರೆಗೆ ಹೋಗುವಾಗ ಏನು ತೆಗೆದುಕೊಂಡು ಹೋಗಲಿ?

ಹೂವು, ಬಾಳೆಹಣ್ಣು, ಒಂದು ಕಣ (ರವಿಕೆ ಬಟ್ಟೆ), ಮಕ್ಕಳಿಗೆ ಏನಾದರೂ. ನಿಮ್ಮ ಮನೆಯ ಶೇಂಗಾ ಹೋಳಿಗೆ ಒಂದು ಡಬ್ಬಿ ತುಂಬಿಸಿಕೊಳ್ಳಿ, ತಿಂಗಳು ಕೆಡುವುದಿಲ್ಲ. ಬರುವಾಗ ಅವರು ಡಬ್ಬಿಯನ್ನು ಖಾಲಿ ಕಳಿಸುವುದಿಲ್ಲ, ನಿಮಗೆ ಅಂತ ಬೇರೆ ಮಾಡಿಟ್ಟ ಕಡಲೆಬೇಳೆ ಹೋಳಿಗೆ ತುಂಬಿಸಿರುತ್ತಾರೆ. ಮನೆಗೆ ಬಂದು ಅದನ್ನು ಕೆಲಸದವರಿಗೆ ಕೊಟ್ಟುಬಿಡಬೇಡಿ. ನಾನು ಎಷ್ಟೋ ವರ್ಷ ಕೊಟ್ಟಿದ್ದೇನೆ. ಚೆನ್ನಾಗಿ ಮಾಡುತ್ತಾರೆ, ಏಲಕ್ಕಿ ಸ್ವಲ್ಪ ಜಾಸ್ತಿ ಅಷ್ಟೇ.